ಹತ್ತರಿಂದ ಎಂಟಕ್ಕೆ: ಪುರುಷರ ಜಿಮ್ನಾಸ್ಟಿಕ್ಸ್‌ನ ಹೊಸ ಅಂಕ ನಿಯಮಗಳು – ಪದೇ ಪದೇ ಕೇಳುವ ಪ್ರಶ್ನೆಗಳು

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ವರೆಗೆ ಪುರುಷರ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ಯಾವ ಲೆಕ್ಕದಲ್ಲಿ ನಡೆಯುತ್ತದೆ ಎಂಬುದರ ಬಗ್ಗೆ ಆಟಗಾರರು, ಕೋಚ್‌ಗಳು, ಪೋಷಕರು ಮತ್ತು ಟಿವಿ ಮುಂದೆ ಕೂತು ಅಂಕ ಕೂಡುವ ಅಭಿಮಾನಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಮುಖ್ಯವಾಗಿ ಏನು ಬದಲಾಗಿದೆ? ಯಾವಾಗಿನಿಂದ?

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಎಫ್‌ಐಜಿ ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ಕೋಡ್ ಆಫ್ ಪಾಯಿಂಟ್ಸ್ ಎಂಬ ನಿಯಮ ಪುಸ್ತಕವನ್ನು ಹೊಸದಾಗಿ ಹೊರಡಿಸುತ್ತದೆ. ಈಗಿನ ಆವೃತ್ತಿ 2025ರ ಜನವರಿ 1ರಿಂದ ಜಾರಿಯಲ್ಲಿದೆ, 2028ರ ಕೊನೆವರೆಗೂ ಇರುತ್ತದೆ. ಸೀನಿಯರ್ ಪುರುಷರಿಗೆ ಇದರಲ್ಲಿ ಮೂರು ಮಾತು ಮುಖ್ಯ. ಒಂದು ರೊಟೀನಿನಲ್ಲಿ (ಒಂದು ಸಲಕರಣೆಯ ಮೇಲೆ ಮಾಡುವ ಇಡೀ ಪ್ರದರ್ಶನ) ಲೆಕ್ಕಕ್ಕೆ ಬರುವ ಸ್ಕಿಲ್‌ಗಳು, ಅಂದರೆ ಅದರೊಳಗಿನ ಬಿಡಿ ಕಸರತ್ತುಗಳು, ಹತ್ತರಿಂದ ಎಂಟಕ್ಕೆ ಇಳಿದಿವೆ. ಒಂದೇ ಗುಂಪಿನಿಂದ (ಒಂದೇ ಬಗೆಯ ಸ್ಕಿಲ್‌ಗಳ ವರ್ಗ) ಎಣಿಸುವ ಸ್ಕಿಲ್‌ಗಳು ಐದರಿಂದ ನಾಲ್ಕಕ್ಕೆ ಇಳಿದಿವೆ. ಪಾದ ಕದಲದಂತೆ ನೆಟ್ಟು ನಿಂತ ಲ್ಯಾಂಡಿಂಗ್‌ಗೆ 0.1 ಬೋನಸ್ ಬಂದಿದೆ.

ಇವುಗಳಲ್ಲಿ ಮೊದಲನೆಯದೇ ದೊಡ್ಡದು. ಉಳಿದ ಎಷ್ಟೋ ಸಂಗತಿ ಅದರ ಹಿಂದೆಯೇ ಎಳೆದುಕೊಂಡು ಬರುತ್ತದೆ.

ಒಟ್ಟು ಅಂಕ ಹೇಗೆ ಬರುತ್ತದೆ?

ಎರಡು ಪ್ರತ್ಯೇಕ ಅಂಕಗಳನ್ನು ಕೂಡಿಸುತ್ತಾರೆ. ಡಿ ಸ್ಕೋರ್ ಕಷ್ಟದ ಲೆಕ್ಕ: ಡಿಸ್ಮೌಂಟ್ (ರೊಟೀನ್ ಮುಗಿಸಿ ಕೆಳಗಿಳಿಯುವ ಕೊನೆಯ ಸ್ಕಿಲ್), ಅದರ ಜೊತೆ ಅತ್ಯುತ್ತಮ ಏಳು ಸ್ಕಿಲ್‌ಗಳ ಬೆಲೆ, ಗುಂಪುಗಳನ್ನು ಪೂರೈಸಿದ್ದಕ್ಕೆ ಸಿಗುವ ಅಂಕ, ಕೆಲವು ಸಲಕರಣೆಗಳಲ್ಲಿ ಜೋಡಣೆಯ ಬೋನಸ್. ಇದಕ್ಕೆ ಮೇಲ್ಮಿತಿ ಇಲ್ಲ. ಇ ಸ್ಕೋರ್ ಮಾಡಿದ ರೀತಿಯ ಲೆಕ್ಕ: 10.0ರಿಂದ ಶುರುವಾಗಿ ತಪ್ಪಿಗೊಂದರಂತೆ ಇಳಿಯುತ್ತ ಬರುತ್ತದೆ. ಇ ತೀರ್ಪುಗಾರರು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಕೊಟ್ಟ ಅಂಕಗಳಲ್ಲಿ ತೀರ ಹೆಚ್ಚಿನವನ್ನೂ ತೀರ ಕಡಿಮೆಯವನ್ನೂ ಬಿಟ್ಟು ನಡುವಿನವುಗಳ ಸರಾಸರಿ ತೆಗೆಯುತ್ತಾರೆ. ಗೆರೆ ದಾಟಿದ್ದು, ಸಮಯ ಮೀರಿದ್ದು ಮುಂತಾದವುಗಳ ದಂಡ ಕೊನೆಯಲ್ಲಿ ಒಟ್ಟಿನಿಂದ ಕಳೆಯುತ್ತದೆ.

‘ಪರಿಪೂರ್ಣ ಹತ್ತು’ 2006ರಲ್ಲೇ ಹೋಯಿತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕೊರಿಯಾದ ಯಾಂಗ್ ತೇ-ಯಂಗ್ ಅವರ ಪ್ಯಾರಲಲ್ ಬಾರ್ಸ್ ರೊಟೀನಿನ ಆರಂಭಿಕ ಬೆಲೆಯನ್ನು 10.0 ಎನ್ನುವ ಬದಲು 9.9 ಎಂದು ಹಾಕಿದ್ದರಿಂದ ಎದ್ದ ವಿವಾದದ ನಂತರ ಈ ಎರಡು ಭಾಗದ ಪದ್ಧತಿ ಬಂದದ್ದು.

ಡಿ ದರ್ಜೆ, ಡಿ ಸ್ಕೋರ್ ಎರಡೂ ಒಂದೇನಾ?

ಅಲ್ಲ. ಹೊಸಬರು ಎಡವುವುದೇ ಇಲ್ಲಿ. ಪ್ರತಿ ಸ್ಕಿಲ್‌ಗೂ ಒಂದು ಅಕ್ಷರದ ದರ್ಜೆ ಇದೆ: ಎ ಎಂದರೆ 0.1, ಬಿ 0.2, ಸಿ 0.3, ಡಿ 0.4, ಇ 0.5, ಎಫ್ 0.6, ಜಿ 0.7, ಹೀಗೆ ಮುಂದಕ್ಕೆ. ‘ಡಿ ದರ್ಜೆಯ ಸ್ಕಿಲ್’ ಅಂದರೆ 0.4ರ ಸ್ಕಿಲ್. ‘ಡಿ ಸ್ಕೋರ್’ ಅಂದರೆ ಇಡೀ ರೊಟೀನಿನ ಕಷ್ಟದ ಮೊತ್ತ.

ಎರಡು ಸ್ಕಿಲ್ ಕಡಿಮೆಯಾದರೆ ಡಿ ಸ್ಕೋರ್ ಎಷ್ಟು ಇಳಿಯುತ್ತದೆ?

ಹೈ ಬಾರಿನ (ಎತ್ತರದಲ್ಲಿ ಅಡ್ಡಕ್ಕಿರುವ ಒಂಟಿ ಸರಳು) ಒಂದು ರೊಟೀನ್ ಹಿಡಿದು ಲೆಕ್ಕ ಹಾಕೋಣ. ಬಾರ್ ಬಿಟ್ಟು ಮತ್ತೆ ಹಿಡಿಯುವ ನಾಲ್ಕು ಸ್ಕಿಲ್‌ಗಳು: ಜಿ, ಎಫ್, ಇ, ಡಿ. ಬಾರಿಗೆ ಹತ್ತಿರದಲ್ಲೇ ಸುತ್ತುವ ಎರಡು: ಡಿ, ಡಿ. ಉದ್ದ ತೂಗಾಟದ ತಿರುವುಗಳು ಮೂರು: ಡಿ, ಸಿ, ಸಿ. ಡಿಸ್ಮೌಂಟ್ ಇ ದರ್ಜೆಯದು.

ಹಳೆಯ ಹತ್ತರ ಲೆಕ್ಕದಲ್ಲಿ: 0.7 + 0.6 + 0.5 + (0.4 × 4) + (0.3 × 2) + 0.5 = 4.5. ನಾಲ್ಕು ಗುಂಪುಗಳೂ ಪೂರ್ತಿ ಸಿಕ್ಕರೆ ಇನ್ನೂ 2.0. ಒಟ್ಟು 6.5.

ಹೊಸ ಎಂಟರ ಲೆಕ್ಕದಲ್ಲಿ ಎರಡು ಸಿಗಳು ಉದುರುತ್ತವೆ: 3.9ಕ್ಕೆ 2.0 ಕೂಡಿಸಿ 5.9.

ಆಟಗಾರ ಅದೇ, ಕಸರತ್ತೂ ಅದೇ, ಆದರೆ ಕಾಗದದ ಮೇಲೆ 0.6 ಕಡಿಮೆ. ಉದುರಿದ್ದು ಅವನ ರೊಟೀನಿನ ಅತಿ ಅಗ್ಗದ ಎರಡು ಸ್ಕಿಲ್‌ಗಳು ಎಂಬುದನ್ನು ಗಮನಿಸಿ. ಎಲ್ಲ ಹತ್ತೂ ಸ್ಕಿಲ್‌ಗಳು ದುಬಾರಿಯಾಗಿದ್ದವನಿಗೆ ಹೊಡೆತ ಜಾಸ್ತಿ, ಕೊನೆಯ ಎರಡು ಬಿ ದರ್ಜೆಯವಾಗಿದ್ದವನಿಗೆ ಕಡಿಮೆ. ಅಂದರೆ ‘ಉದ್ದಕ್ಕೂ ಕಷ್ಟ’ ಎಂಬ ಶೈಲಿಯವರ ಮುನ್ನಡೆ ಸ್ವಲ್ಪ ಕರಗಿ, ಕೈಬೆರಳಿನಿಂದ ಕಾಲ್ಬೆರಳಿನವರೆಗೆ ಶುಭ್ರವಾಗಿ ಮಾಡುವವರಿಗೆ ದಾರಿ ತೆರೆದಿದೆ. ಇದು ಒಳ್ಳೆಯದೇ ಆಯಿತು ಎಂಬುದು ನಮ್ಮ ನಿಲುವು. ದಣಿದ ತೋಳಿನಲ್ಲಿ ಒಂಬತ್ತು, ಹತ್ತನೆಯ ಸ್ಕಿಲ್ ತುರುಕುವಾಗಲೇ ಮೊಣಕೈ ಬಾಗುತ್ತಿತ್ತು, ಹಿಡಿತ ಜಾರುತ್ತಿತ್ತು.

ಎಂಟಕ್ಕಿಂತ ಹೆಚ್ಚು ಮಾಡಬಾರದೇ?

ಮಾಡಬಹುದು. ಲೆಕ್ಕಕ್ಕೆ ಹಿಡಿಯುವುದು ಮಾತ್ರ ಡಿಸ್ಮೌಂಟ್ ಮತ್ತು ಉತ್ತಮ ಏಳು. ಆದರೆ ಕಡಿತ ಎಲ್ಲಕ್ಕೂ ಅನ್ವಯಿಸುತ್ತದೆ: ಒಂಬತ್ತನೆಯ ಸ್ಕಿಲ್‌ನಿಂದ ಡಿ ಸ್ಕೋರಿಗೆ ಸೊನ್ನೆ ಬಂದರೂ ಅದರಲ್ಲಿ ಕಾಲು ಬಿಚ್ಚಿದರೆ 0.1 ಹೋಗುತ್ತದೆ. ಹಾಗಾದರೆ ಒಂಬತ್ತನೆಯದು ಯಾಕೆ ಬೇಕು? ಮೀಸಲಿಗೆ. ರಿಂಗ್ಸ್‌ನಲ್ಲಿ (ತೂಗುವ ಎರಡು ಬಳೆಗಳ ಸಲಕರಣೆ) ಒಂದು ಹಿಡಿತವನ್ನು (ದೇಹವನ್ನು ಅಲುಗದೆ ನಿಲ್ಲಿಸುವ ಸ್ಕಿಲ್) ತೀರ್ಪುಗಾರರು ಮಾನ್ಯ ಮಾಡದಿದ್ದರೆ ಆ ಜಾಗಕ್ಕೆ ಒಂದು ಸಿ ಬಂದು ಕೂರುತ್ತದೆ. ಮೀಸಲು ಸ್ಕಿಲ್ ಎಂಬುದು ಕಣ್ಣುಮುಚ್ಚಿ ಮಾಡುವಷ್ಟು ಶುದ್ಧವಾಗಿ ಬರುವಂಥದ್ದೇ ಆಗಿರಬೇಕು, ಇಲ್ಲದಿದ್ದರೆ ಬೇಡವೇ ಬೇಡ.

ಒಂದೇ ಗುಂಪಿನಿಂದ ನಾಲ್ಕೇ ಎಂಬ ಮಿತಿ ಯಾರಿಗೆ ಬಿಸಿ ಮುಟ್ಟಿಸುತ್ತದೆ?

ರಿಂಗ್ಸ್‌ನ ಬಲಶಾಲಿಗಳಿಗೆ ಮತ್ತು ಹೈ ಬಾರಿನ ಹಾರಾಟಗಾರರಿಗೆ.

ರಿಂಗ್ಸ್‌ನಲ್ಲಿ ಮೊದಲ ಗುಂಪು ತೂಗಾಟ ಮತ್ತು ಕಿಪ್‌ಗಳದ್ದು (ತೂಗುತ್ತಿರುವ ದೇಹವನ್ನು ಮೇಲಕ್ಕೆ ಎತ್ತುವವು), ಎರಡನೆಯದು ಬಲದ ಹಿಡಿತಗಳದ್ದು, ಮೂರನೆಯದು ತೂಗಾಟದಿಂದ ನೇರ ಹಿಡಿತಕ್ಕೆ ಹೋಗುವವುಗಳದ್ದು, ನಾಲ್ಕನೆಯದು ಡಿಸ್ಮೌಂಟ್. ಡಿಸ್ಮೌಂಟ್ ಬಿಟ್ಟರೆ ಉಳಿಯುವುದು ಏಳು ಜಾಗ. ಮೊದಲ ಗುಂಪಿನದು ಕನಿಷ್ಠ ಒಂದಾದರೂ ಇರಬೇಕು. ಮಿಕ್ಕ ಆರನ್ನು ನಾಲ್ಕು–ಎರಡು, ಮೂರು–ಮೂರು ಅಥವಾ ಎರಡು–ನಾಲ್ಕು ಎಂದು ಹಂಚಬೇಕು. ಬಲದ ಗುಂಪಿನಲ್ಲೇ ಐದನೆಯದನ್ನು ಮಾಡಿದರೆ ಅದು ಎಷ್ಟೇ ಕಷ್ಟದ್ದಾದರೂ, ಆ ಗುಂಪಿನಲ್ಲಿ ಅದಕ್ಕಿಂತ ಬೆಲೆ ಇರುವ ನಾಲ್ಕು ಇದ್ದರೆ, ವ್ಯರ್ಥ. ಹೈ ಬಾರಿನಲ್ಲೂ ಇದೇ ಕತೆ: ಹಿಂದೆ ಐದು ಹಾರಾಟಗಳು ಲೆಕ್ಕಕ್ಕೆ ಬರುತ್ತಿದ್ದವು, ಈಗ ನಾಲ್ಕೇ. ಐದನೆಯ ಹಾರಾಟಕ್ಕೆ ಬೀಳುವ ಅಪಾಯ ಮಾತ್ರ ಉಳಿಯಿತು, ಲಾಭ ಹೋಯಿತು.

ಹಳೆಯ ಹತ್ತರ ರೊಟೀನನ್ನು ಎಂಟಕ್ಕೆ ಇಳಿಸುವುದು ಹೇಗೆ?

‘ಕೊನೆಯ ಎರಡನ್ನು ತೆಗೆ’ ಎಂದು ಹೇಳಿಬಿಡುವುದು ಸುಲಭ. ತಪ್ಪಾಗುವುದೂ ಅಲ್ಲಿಯೇ. ಒಂದು ನೋಟ್‌ಬುಕ್ಕು, ಮೊಬೈಲಿನಲ್ಲಿ ತೆಗೆದ ಐದಾರು ಪೂರ್ಣ ರೊಟೀನುಗಳ ವಿಡಿಯೊ ಇಟ್ಟುಕೊಂಡು ಕೂತುಕೊಳ್ಳಿ.

1. ಪ್ರತಿ ಸ್ಕಿಲ್‌ಗೆ ಒಂದು ಸಾಲು ಬರೆಯಿರಿ: ಹೆಸರು, ದರ್ಜೆಯ ಬೆಲೆ, ಗುಂಪು.
2. ವಿಡಿಯೊ ನಿಧಾನಗೊಳಿಸಿ, ಪ್ರತಿ ಬಾರಿಯೂ ಆ ಸ್ಕಿಲ್‌ನಲ್ಲಿ ಹೋದ ಕಡಿತ ಗುರುತಿಸಿ. ಒಳ್ಳೆಯ ದಿನದ್ದು ಮಾತ್ರ ಆರಿಸಬೇಡಿ, ಐದಾರರ ಸರಾಸರಿ ತೆಗೆಯಿರಿ.
3. ಬೆಲೆಯಿಂದ ಸರಾಸರಿ ಕಡಿತ ಕಳೆಯಿರಿ. ಉಳಿದದ್ದೇ ಆ ಸ್ಕಿಲ್‌ನ ನಿಜವಾದ ದುಡಿಮೆ.
4. ಸೊನ್ನೆಗೆ ಹತ್ತಿರವಿರುವ ಅಥವಾ ಸೊನ್ನೆಗಿಂತ ಕೆಳಗಿರುವ ಸಾಲುಗಳನ್ನು ಮೊದಲು ಅಳಿಸಿ.
5. ಮಿಕ್ಕವುಗಳಲ್ಲಿ ಎಲ್ಲ ಗುಂಪುಗಳೂ ಇವೆಯೇ, ಯಾವುದಾದರೂ ನಾಲ್ಕನ್ನು ಮೀರಿದೆಯೇ ನೋಡಿ.
6. ತೆಗೆದ ಸ್ಕಿಲ್‌ನ ಆಚೀಚೆ ಇದ್ದವು ನೇರವಾಗಿ ಕೂಡಿಕೊಳ್ಳುತ್ತವೆಯೇ ಎಂದು ಸಲಕರಣೆಯ ಮೇಲೆಯೇ ಪರೀಕ್ಷಿಸಿ.

ಮೂರನೆಯ ಹೆಜ್ಜೆಯಲ್ಲಿ ಕೋಚ್‌ಗಳಿಗೇ ಆಶ್ಚರ್ಯವಾಗುವುದುಂಟು. ಒಂದು ಸಿ ದರ್ಜೆಯ ತಿರುವು. ಮೊಣಕಾಲು ಬಾಗಿದ್ದಕ್ಕೆ 0.1, ಪಾದಗಳು ಬಿಚ್ಚಿಕೊಂಡಿದ್ದಕ್ಕೆ 0.1, ಹ್ಯಾಂಡ್‌ಸ್ಟ್ಯಾಂಡ್‌ವರೆಗೆ ಏರದ್ದಕ್ಕೆ 0.1. ಗಳಿಸಿದ್ದು 0.3, ಕಳೆದದ್ದೂ 0.3. ಅಷ್ಟು ಶಕ್ತಿ ಸುರಿದು ತಂದದ್ದು ಏನೂ ಇಲ್ಲ.

ಆರನೆಯ ಹೆಜ್ಜೆಯನ್ನು ಹಾರಿಸಿದರೆ ಬೇರೆ ತೊಂದರೆ. ತೆಗೆದುಹಾಕಿದ ಅಗ್ಗದ ಸ್ಕಿಲ್ ಎಷ್ಟೋ ಸಲ ಮುಂದಿನ ದೊಡ್ಡ ಸ್ಕಿಲ್‌ಗೆ ವೇಗ ಕೊಡುವ ಅಥವಾ ಹಿಡಿತ ಬದಲಿಸುವ ಸೇತುವೆಯಾಗಿರುತ್ತದೆ. ಅದು ಹೋದ ಜಾಗದಲ್ಲಿ ಒಂದು ಖಾಲಿ ತೂಗಾಟ ಬಂದರೆ ಅದಕ್ಕೇ ಕಡಿತ. ಅಂಥ ಸೇತುವೆಯನ್ನು ಉಳಿಸಿಕೊಂಡು ಬೇರೆಡೆ ಕತ್ತರಿ ಹಾಕಿ.

ಲ್ಯಾಂಡಿಂಗ್ ಬೋನಸ್ 0.1 ತಾನೇ, ಅಷ್ಟು ತಲೆ ಕೆಡಿಸಿಕೊಳ್ಳಬೇಕೇ?

ಕೆಡಿಸಿಕೊಳ್ಳಬೇಕು. ಲ್ಯಾಂಡಿಂಗ್‌ನಲ್ಲಿ ಒಂದು ಸಣ್ಣ ಹೆಜ್ಜೆಗೆ 0.1 ಕಡಿತ ಹಿಂದಿನಿಂದಲೂ ಇದೆ. ಈಗ ನೆಟ್ಟು ನಿಂತವನಿಗೆ 0.1 ಸೇರುತ್ತದೆ. ಹಾಗಾಗಿ ನಿಂತವನಿಗೂ ಸಣ್ಣ ಹೆಜ್ಜೆ ಇಟ್ಟವನಿಗೂ ಅಂತರ 0.2, ದೊಡ್ಡ ಹೆಜ್ಜೆ ಇಟ್ಟವನಿಗಾದರೆ 0.4. ಒಂದು ಡಿ ದರ್ಜೆಯ ಸ್ಕಿಲ್‌ನಷ್ಟು!

ಪದಕಗಳು ಎಷ್ಟು ಸಣ್ಣ ಅಂತರದಲ್ಲಿ ತೀರ್ಮಾನವಾಗುತ್ತವೆ ನೋಡಿ. 2024ರ ಪ್ಯಾರಿಸ್‌ನಲ್ಲಿ ಫಿಲಿಪ್ಪೀನ್ಸ್‌ನ ಕಾರ್ಲೋಸ್ ಯುಲೊ ಫ್ಲೋರ್ ಚಿನ್ನ ಗೆದ್ದದ್ದು 15.000ರಿಂದ, ಇಸ್ರೇಲಿನ ಆರ್ಟೆಮ್ ಡೊಲ್ಗೊಪ್ಯಾಟ್ ಬೆಳ್ಳಿಗೆ ನಿಂತದ್ದು 14.966ಕ್ಕೆ. ಆಲ್‌ರೌಂಡ್‌ನಲ್ಲಿ ಜಪಾನಿನ ಶಿನ್ನೊಸುಕೆ ಓಕ 86.832, ಚೀನಾದ ಜಾಂಗ್ ಬೊಹೆಂಗ್ 86.599. ಆರು ಸಲಕರಣೆ ಸುತ್ತಿದ ಮೇಲೂ ಅಂತರ 0.233. ಆಗ ಈ ಬೋನಸ್ ಇರಲಿಲ್ಲ. ಈಗಿನ ನಿಯಮದಲ್ಲಿ ಇಂಥ ಅಂತರ ಎರಡು ಲ್ಯಾಂಡಿಂಗ್‌ಗಳಲ್ಲಿ ತಿರುವು ಮುರುವಾಗಬಹುದು.

ಪಾದದ ವಿಷಯದಲ್ಲಿ ಒಂದು ಸೂಕ್ಷ್ಮ ತಿಳಿದಿರಲಿ. ಪಾದಗಳನ್ನು ತುಸು ಅಂತರವಿಟ್ಟು ಇಳಿಯಬಹುದು, ಆದರೆ ಆಮೇಲೆ ಕೂಡಿಸುವಾಗ ಹಿಮ್ಮಡಿ ಮಾತ್ರ ಸರಿಯಬೇಕು. ಪಾದದ ಮುಂಭಾಗ ನೆಲ ಬಿಟ್ಟು ಎದ್ದು ಸರಿದರೆ ಅದು ನೆಟ್ಟು ನಿಂತದ್ದಲ್ಲ. ಅಭ್ಯಾಸದಲ್ಲಿ ಯಾವಾಗಲೂ ಫೋಮ್ ತುಂಬಿದ ಹಳ್ಳಕ್ಕೇ ಇಳಿಯುವ ಹುಡುಗರಿಗೆ ಈ ಹಿಮ್ಮಡಿ ಜೋಡಿಸುವ ಅಭ್ಯಾಸ ಆಗಿರುವುದೇ ಇಲ್ಲ. ವಾರದಲ್ಲಿ ಕೆಲವು ದಿನವಾದರೂ ಗಟ್ಟಿ ಮ್ಯಾಟ್ ಮೇಲೆ, ಮೊದಲು ಎತ್ತರದ ಪೆಟ್ಟಿಗೆಯಿಂದ ನೇರ ಜಿಗಿತ, ಆಮೇಲೆ ಒಂದು ಸಾಲ್ಟೊ (ಗಾಳಿಯಲ್ಲಿ ಪಲ್ಟಿ), ಆಮೇಲೆ ಪೂರ್ಣ ಡಿಸ್ಮೌಂಟ್ ಎಂದು ಹಂತಹಂತವಾಗಿ ಮಾಡಿಸಿ.

ಹಾಗಾದರೆ ಸುಲಭದ ಡಿಸ್ಮೌಂಟ್ ಹಾಕಿ ನೆಟ್ಟು ನಿಲ್ಲುವುದು ಜಾಣತನವೇ?

ಸಾಮಾನ್ಯವಾಗಿ ಅಲ್ಲ. ಡಿಸ್ಮೌಂಟ್ ಸುಲಭವಾದಷ್ಟೂ ಸ್ಕಿಲ್‌ನ ಬೆಲೆ ಇಳಿಯುವುದಲ್ಲದೆ ಗುಂಪಿನ ಅಂಕಕ್ಕೂ ಪೆಟ್ಟು ಬೀಳುತ್ತದೆ. ಎರಡೂ ಕಡೆಯ ನಷ್ಟ ಕೂಡಿದರೆ 0.1 ಬೋನಸ್ ಅದನ್ನು ತುಂಬುವುದಿಲ್ಲ. ಹತ್ತರಲ್ಲಿ ಏಳೆಂಟು ಸಲ ದೊಡ್ಡ ಹೆಜ್ಜೆ ಇಡುವ ಡಿಸ್ಮೌಂಟ್ ಆಗಿದ್ದರೆ ಮಾತ್ರ ಒಂದು ದರ್ಜೆ ಇಳಿಸುವ ಬಗ್ಗೆ ಯೋಚಿಸಿ.

ಇ ಸ್ಕೋರ್‌ನಲ್ಲಿ ಕಡಿತದ ಪ್ರಮಾಣ ಎಷ್ಟೆಷ್ಟು?

ಸಣ್ಣ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ 1.0. ಒಂದೇ ಸ್ಕಿಲ್‌ನಲ್ಲಿ ಹಲವು ತಪ್ಪುಗಳಾದರೆ ಎಲ್ಲವೂ ಕೂಡುತ್ತವೆ.

ರಿಂಗ್ಸ್‌ನ ಐರನ್ ಕ್ರಾಸ್‌ನಲ್ಲಿ ಇದನ್ನು ಹತ್ತಿರದಿಂದ ನೋಡೋಣ. ತೋಳು ಎರಡೂ ಕಡೆ ನೆಲಕ್ಕೆ ಸಮಾನಾಂತರ, ದೇಹ ನೇರ, ಎರಡು ಸೆಕೆಂಡು ಅಲುಗದೆ. ಇದು ಬಿ ದರ್ಜೆ, ಬೆಲೆ 0.2. ಆಟಗಾರನ ಭುಜ ಸ್ವಲ್ಪ ಮೇಲೇ ಉಳಿದು ತೋಳು 10 ಡಿಗ್ರಿ ಓರೆಯಾಗಿದೆ: 15 ಡಿಗ್ರಿವರೆಗಿನ ವ್ಯತ್ಯಾಸಕ್ಕೆ 0.1. ಒಂದೂವರೆ ಸೆಕೆಂಡಿಗೇ ಬಿಟ್ಟ: ಎರಡು ಸೆಕೆಂಡು ತುಂಬಲಿಲ್ಲವಾದ್ದರಿಂದ 0.3. ಒಟ್ಟು ಹೋದದ್ದು 0.4, ಬಂದದ್ದು 0.2. ಓರೆ 16ರಿಂದ 30 ಡಿಗ್ರಿಯಾದರೆ 0.3, 31ರಿಂದ 45ಕ್ಕೆ 0.5, ಅದಕ್ಕೂ ಮೀರಿದರೆ ಕಡಿತದ ಜೊತೆಗೆ ಸ್ಕಿಲ್ಲೇ ಅಮಾನ್ಯ. ಹಿಡಿತದಲ್ಲಿ ನಿಲ್ಲದೆಯೇ ಹಾದುಹೋದರೂ 0.5 ಕಳೆದು ಅಮಾನ್ಯ ಮಾಡುತ್ತಾರೆ.

ಹೆಚ್ಚಿನವರ ತಪ್ಪು ಎಣಿಕೆಯದು. ಕ್ರಾಸ್‌ಗೆ ಇಳಿಯುತ್ತಿರುವಾಗಲೇ ಮನಸ್ಸಿನಲ್ಲಿ ‘ಒಂದು’ ಶುರುವಾಗಿರುತ್ತದೆ. ತೀರ್ಪುಗಾರರ ಗಡಿಯಾರ ಓಡುವುದು ದೇಹ ಪೂರ್ತಿ ನಿಂತ ಮೇಲೆ. ‘ನಿಂತೆ, ಒಂದು, ಎರಡು’ ಎಂದು ಎಣಿಸುವುದನ್ನು ಕಲಿಸಿ.

ಬಿದ್ದರೆ ಎಷ್ಟು ನಷ್ಟ?

1.0 ಅಂತೂ ಹೋಯಿತು. ಹೈ ಬಾರಿನಲ್ಲಿ ಹಾರಿ ಬಾರ್ ಸಿಗದೆ ಬಿದ್ದರೆ ಆ ಸ್ಕಿಲ್ ಮಾನ್ಯವಾಗುವುದಿಲ್ಲ. ಅದು ಇ ದರ್ಜೆಯದಾಗಿದ್ದರೆ ಇನ್ನೂ 0.5 ಸೇರಿ ಒಟ್ಟು 1.5. ಹತ್ತು ಸ್ಕಿಲ್‌ಗಳ ಕಾಲದಲ್ಲಿ ಡಿ ಸ್ಕೋರ್ ದೊಡ್ಡದಿದ್ದವನು ಬಿದ್ದೂ ಮೇಲೆದ್ದು ಬರುವ ಅವಕಾಶ ತುಸು ಹೆಚ್ಚಿತ್ತು. ಈಗ ಡಿ ಸ್ಕೋರ್‌ಗಳು ಒಂದಕ್ಕೊಂದು ಹತ್ತಿರ ಬಂದಿರುವುದರಿಂದ ಅದು ಕಷ್ಟ.

ವಾಲ್ಟ್‌ಗೆ ಎಂಟರ ನಿಯಮ ಹೇಗೆ ಅನ್ವಯಿಸುತ್ತದೆ?

ಅನ್ವಯಿಸುವುದಿಲ್ಲ. ಪ್ರತಿ ವಾಲ್ಟ್‌ಗೂ (ಓಡಿ ಬಂದು ಟೇಬಲ್ ಮೇಲೆ ಕೈಯೂರಿ ಹಾರುವುದು) ಪುಸ್ತಕದಲ್ಲಿ ಒಂದೇ ನಿಗದಿತ ಡಿ ಸ್ಕೋರ್. ವಾಲ್ಟ್ ಫೈನಲ್‌ಗೆ ಬೇರೆ ಬೇರೆ ಗುಂಪಿನ ಎರಡು ವಾಲ್ಟ್ ಬೇಕು, ಎರಡರ ಸರಾಸರಿಯೇ ಅಂಕ. ಟೇಬಲ್ಲಿನ ಎತ್ತರ 135 ಸೆಂಟಿಮೀಟರ್, ಓಟದ ದಾರಿ 25 ಮೀಟರ್. ಇಳಿಯುವಾಗ ಪಾದ ಮೊದಲು ನೆಲ ಮುಟ್ಟದಿದ್ದರೆ ಸೊನ್ನೆ. ಇಳಿಯುವ ಜಾಗದ ಗೆರೆ ದಾಟಿದರೆ ದಂಡ.

ಹಳೆಯ ಅಂಕಗಳ ಜೊತೆ ಹೋಲಿಸಬಹುದೇ?

ಬೇಡ. ಪ್ಯಾರಿಸ್‌ನಲ್ಲಿ ಆಲ್‌ರೌಂಡ್ ಚಿನ್ನ 86.832ಕ್ಕೆ. 2025ರ ಅಕ್ಟೋಬರಿನಲ್ಲಿ ಜಕಾರ್ತದಲ್ಲಿ ನಡೆದ, ಹೊಸ ನಿಯಮದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ದೈಕಿ ಹಶಿಮೊಟೊ 85.131ಕ್ಕೆ ಗೆದ್ದರು. ಇದನ್ನು ನೋಡಿ ಮಟ್ಟ ಕುಸಿಯಿತು ಎನ್ನುವುದು ಅನ್ಯಾಯ. ಅಳತೆಗೋಲೇ ಬೇರೆ. ದಾಖಲೆ ಪಟ್ಟಿ ಇಡುವವರು 2025ರಿಂದ ಹೊಸ ಪುಟ ಶುರು ಮಾಡಿ.

ಅಂಕ ಸಮವಾದರೆ?

ಸಲಕರಣೆ ಫೈನಲ್‌ನಲ್ಲಿ ಇ ಸ್ಕೋರ್ ಹೆಚ್ಚಿದ್ದವನು ಮೇಲೆ. ಪ್ಯಾರಿಸ್‌ನ ಹೈ ಬಾರಿನಲ್ಲಿ ಓಕ ಮತ್ತು ಕೊಲಂಬಿಯಾದ ಆಂಹೆಲ್ ಬರಾಹಾಸ್ ಇಬ್ಬರಿಗೂ 14.533. ಶುದ್ಧವಾಗಿ ಮಾಡಿದ್ದಕ್ಕೆ ಚಿನ್ನ ಓಕ ಅವರಿಗೆ ಹೋಯಿತು.

ಮಹಿಳೆಯರಿಗೂ ಇದೇ ನಿಯಮವೇ?

ಅವರ ಪುಸ್ತಕ ಬೇರೆ. ಅಲ್ಲಿ ಎಂಟು ಸ್ಕಿಲ್ ಎಣಿಸುವುದು ಬಹಳ ವರ್ಷಗಳಿಂದ ಇದೆ. ಪುರುಷರು ಈಗ ಆ ಸಂಖ್ಯೆಗೆ ಬಂದಿದ್ದಾರೆ, ಉಳಿದ ಬೇಡಿಕೆಗಳು ಒಂದೇ ಅಲ್ಲ.

ನಮ್ಮ ಹುಡುಗ ಜಿಲ್ಲಾ, ರಾಜ್ಯ ಮಟ್ಟದಲ್ಲಿ ಆಡುತ್ತಾನೆ. ಅವನಿಗೂ ಇದೇನಾ?

ವಯಸ್ಸು ನೋಡಬೇಕು. ಎಫ್‌ಐಜಿ ಪ್ರಕಾರ ಆ ವರ್ಷ 18 ತುಂಬುವವರು ಸೀನಿಯರ್. ಜೂನಿಯರ್‌ಗಳಿಗೆ ಅದೇ ಪುಸ್ತಕದಲ್ಲಿ ಪ್ರತ್ಯೇಕ ಷರತ್ತುಗಳಿವೆ. ಅದಕ್ಕೂ ಕೆಳಗಿನ ವಯೋಗುಂಪುಗಳಿಗೆ ಸಂಘಟಕರು ಕಡ್ಡಾಯ ರೊಟೀನುಗಳನ್ನೇ ಕೊಡುವುದುಂಟು. ಬೆಂಗಳೂರಾಗಲಿ ಬೇರೆ ಊರಾಗಲಿ, ಆ ಸ್ಪರ್ಧೆಯ ಸುತ್ತೋಲೆಯಲ್ಲಿ ಬರೆದಿರುವುದೇ ಅಂತಿಮ. ಹೆಸರು ನೋಂದಾಯಿಸುವ ಮುಂಚೆಯೇ ಅದನ್ನು ಕೇಳಿ ಪಡೆಯಿರಿ. ಹತ್ತು ವರ್ಷದ ಹುಡುಗನಿಗೆ ಸೀನಿಯರ್ ಪುಸ್ತಕ ನೋಡಿ ರೊಟೀನ್ ಕಟ್ಟುವುದು ಅವನ ಮಣಿಕಟ್ಟು, ಭುಜಗಳಿಗೆ ಅಪಾಯ. ಇದನ್ನು ಒತ್ತಿ ಹೇಳುತ್ತೇವೆ.

ಯಂತ್ರ ಅಂಕ ಕೊಡುತ್ತದೆ ಎಂಬುದು ನಿಜವೇ?

ಅಂಕ ಕೊಡುವುದು ಈಗಲೂ ಮನುಷ್ಯರೇ. ಫುಜಿತ್ಸು ಕಂಪನಿ ಎಫ್‌ಐಜಿ ಜೊತೆ ಸೇರಿ ರೂಪಿಸಿದ ವ್ಯವಸ್ಥೆ ದೇಹದ ಚಲನೆಯನ್ನು ಮೂರು ಆಯಾಮಗಳಲ್ಲಿ ಅಳೆದು ಕೋನ, ಹಿಡಿತದ ಸಮಯ ಮುಂತಾದವನ್ನು ತೋರಿಸುತ್ತದೆ. 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆಲವೇ ಸಲಕರಣೆಗಳಿಗೆ ಬಂದು, 2023ರ ಆಂಟ್ವರ್ಪ್ ಹೊತ್ತಿಗೆ ಪುರುಷರ, ಮಹಿಳೆಯರ ಹತ್ತೂ ಸಲಕರಣೆಗಳಿಗೆ ಹರಡಿತು. ತೀರ್ಪುಗಾರರಿಗೆ ಅದು ನೆರವು, ಬದಲಿ ಅಲ್ಲ.

ಲಾಸ್ ಏಂಜಲೀಸ್‌ಗೆ ಬೇರೆ ಏನು ಹೊಸದು?

ಪುರುಷರು, ಮಹಿಳೆಯರು ಒಂದೇ ತಂಡದಲ್ಲಿ ಆಡುವ ಮಿಶ್ರ ತಂಡ ಸ್ಪರ್ಧೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2025ರ ಏಪ್ರಿಲ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಒಲಿಂಪಿಕ್ಸ್‌ಗೆ ಮೊದಲು 2026ರಲ್ಲಿ ರಾಟರ್‌ಡ್ಯಾಮ್, 2027ರಲ್ಲಿ ಚೆಂಗ್ಡುವಿನ ವಿಶ್ವ ಚಾಂಪಿಯನ್‌ಷಿಪ್‌ಗಳು ಬರುತ್ತವೆ.

ಅಂಕ ತಪ್ಪಾಗಿದೆ ಅನ್ನಿಸಿದರೆ ಏನು ಮಾಡಬೇಕು?

ಕೋಚ್ ತಕರಾರು ಸಲ್ಲಿಸಬಹುದು, ಆದರೆ ಡಿ ಸ್ಕೋರ್ ಬಗ್ಗೆ ಮತ್ತು ತನ್ನ ಆಟಗಾರನ ಬಗ್ಗೆ ಮಾತ್ರ. ಇ ಸ್ಕೋರ್ ಪ್ರಶ್ನಿಸುವಂತಿಲ್ಲ, ಎದುರಾಳಿಯ ಅಂಕವನ್ನಂತೂ ಇಲ್ಲವೇ ಇಲ್ಲ. ಮೊದಲು ಬಾಯಿಮಾತಿನಲ್ಲಿ ತಕ್ಷಣ ತಿಳಿಸಬೇಕು, ಆಮೇಲೆ ಬರಹದಲ್ಲಿ ಕೊಟ್ಟು ಶುಲ್ಕ ಕಟ್ಟಬೇಕು. ಗೆದ್ದರೆ ಶುಲ್ಕ ವಾಪಸ್. ಸರದಿಯ ಕೊನೆಯ ಆಟಗಾರನಿಗೆ ಅಂಕ ಪರದೆಯ ಮೇಲೆ ಬಂದ ಮೇಲೆ ಒಂದೇ ನಿಮಿಷ. ಪ್ಯಾರಿಸ್‌ನ ಮಹಿಳೆಯರ ಫ್ಲೋರ್ ಫೈನಲ್‌ನಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಪರ ತಕರಾರು 4 ಸೆಕೆಂಡು ತಡವಾಯಿತೆಂದು ಕ್ರೀಡಾ ನ್ಯಾಯಮಂಡಳಿ ಹೇಳಿ ಕಂಚಿನ ಸ್ಥಾನವೇ ಬದಲಾಯಿತು, ಪ್ರಕರಣ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಆದ್ದರಿಂದ ರೊಟೀನಿನ ನಿರೀಕ್ಷಿತ ಡಿ ಸ್ಕೋರನ್ನು ಮೊದಲೇ ಚೀಟಿಯಲ್ಲಿ ಬರೆದು ಕೋಚ್ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ರೊಟೀನ್ ನಡೆಯುತ್ತಿರುವಾಗಲೇ ಬಿಟ್ಟುಹೋದ ಅಥವಾ ಅನುಮಾನದ ಸ್ಕಿಲ್‌ಗೆ ಗುರುತು ಹಾಕುತ್ತ ಹೋದರೆ, ಪರದೆಯ ಮೇಲೆ ಬಂದ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ಹೇಳಲು ಐದು ಸೆಕೆಂಡು ಸಾಕು.